ಯಂತ್ರದ ಬಲ, ಪರರ ಉಸಿರು

ಲಾಭನಷ್ಟಗಳ ಲೆಕ್ಕದಲ್ಲಿ ಮನುಷ್ಯನು ಎರಡು ಬಗೆಯ ತಪ್ಪು ಮಾಡುತ್ತಾನೆ. ಇಲ್ಲದ ಲಾಭವನ್ನು ಇದೆಯೆಂದು ನಂಬುವುದು ಒಂದು. ತನ್ನ ಲಾಭಕ್ಕೆ ಬೆಲೆ ತೆತ್ತವರನ್ನು ಲೆಕ್ಕಕ್ಕೇ ಹಿಡಿಯದಿರುವುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಅನ್ಯಾಯ. ಇವೆರಡೂ ಒಂದೆಡೆ ಕೂಡಿರುವ ಉದಾಹರಣೆಯೊಂದು ಮೋಟಾರು ವಾಹನಗಳ ಪ್ರಪಂಚದಲ್ಲಿದೆ. ಕಾರಿನ ವಿಷಾನಿಲಗಳನ್ನು ತಡೆಯಲೆಂದು ಅಳವಡಿಸಿದ ಉಪಕರಣಗಳನ್ನು ಕಿತ್ತುಹಾಕಿದರೆ ಇಂಜಿನ್ನಿನ ಬಲ ಹೆಚ್ಚುತ್ತದೆ ಎಂಬುದು ಅನೇಕರ ನಂಬಿಕೆ. ಇದು ನಿಜವೇ? ನಿಜವೇ ಆದರೆ, ಹಾಗೆ ಮಾಡುವುದು ಯುಕ್ತವೇ? ಈ ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿಯೇ ವಿಚಾರಿಸಬೇಕು.

ಈ ನಂಬಿಕೆ ಆಳವಾಗಿ ಬೇರೂರಿದ್ದು ಅಮೆರಿಕದಲ್ಲಿ. 1940ರ ದಶಕದಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬೊಂದು ಕವಿಯತೊಡಗಿತು. ವಾಹನಗಳೂ ಎಣ್ಣೆಯ ಕಾರ್ಖಾನೆಗಳೂ ಉಗುಳುವ ಅನಿಲಗಳು ಬಿಸಿಲಿನಲ್ಲಿ ಬೆರೆತು ಮಾರ್ಪಟ್ಟು ಈ ಮಬ್ಬಾಗುತ್ತವೆಂದು ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1970ರಲ್ಲಿ ಆ ದೇಶವು ಶುದ್ಧ ವಾಯು ಕಾಯಿದೆಯನ್ನು ಕಠಿಣಗೊಳಿಸಿತು. 1975ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶೋಧಕವು ವ್ಯಾಪಕವಾಗಿ ಬಳಕೆಗೆ ಬಂದಿತು.

ಆ ದಶಕದ ಕಾರುಗಳು ಹಿಂದಿನವುಗಳಿಗಿಂತ ದುರ್ಬಲವಾಗಿದ್ದವು ಎಂಬುದರಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಕಾರಣಗಳು ಹಲವು. ಸೀಸವಿಲ್ಲದ ಪೆಟ್ರೋಲಿಗೆ ಹೊಂದುವಂತೆ ಇಂಜಿನ್ನಿನೊಳಗಿನ ಒತ್ತಡದ ಪ್ರಮಾಣವನ್ನು ತಗ್ಗಿಸಲಾಗಿತ್ತು. ಕಿಡಿ ಹೊತ್ತುವ ಗಳಿಗೆಯನ್ನು ಹಿಂದೆ ಸರಿಸಲಾಗಿತ್ತು. ಇವುಗಳ ಜೊತೆಗೆ, 1972ರ ಸುಮಾರಿಗೆ ಅಶ್ವಶಕ್ತಿಯನ್ನು ಅಳೆಯುವ ಕ್ರಮವೇ ಬದಲಾಯಿತು. ಅದುವರೆಗೆ ಇಂಜಿನ್ನನ್ನು ಒಂಟಿಯಾಗಿ ಅಳೆಯುತ್ತಿದ್ದರು. ಆ ಬಳಿಕ ಸೈಲೆನ್ಸರ್ ಮೊದಲಾದ ಎಲ್ಲ ಭಾಗಗಳ ಸಮೇತ ಅಳೆದರು. ಇಂಜಿನ್ ಹಾಗೆಯೇ ಇದ್ದರೂ ಕಾಗದದ ಮೇಲಿನ ಅಂಕಿ ಇಳಿಯಿತು. ಜನರು ಈ ಇಳಿಕೆಯನ್ನೆಲ್ಲ ಹೊಗೆ ತಡೆಯುವ ಸಾಧನಗಳ ಮೇಲೆಯೇ ಹೊರಿಸಿದರು.

ಇಂದಿನ ಪೆಟ್ರೋಲ್ ಕಾರುಗಳ ಸ್ಥಿತಿ ಬೇರೆ. ಇಂಜಿನ್ನಿನ ತಳಭಾಗದಲ್ಲಿ ಸೇರುವ ಆವಿಯನ್ನು ಮರಳಿ ದಹನಕ್ಕೆ ಕಳುಹಿಸುವ ಕವಾಟವೊಂದಿದೆ. ಅದನ್ನು ಕಿತ್ತು ದಾರಿ ಮುಚ್ಚಿದರೆ ಎಣ್ಣೆಯು ಬೇಗ ಕೆಟ್ಟು ಕೆಸರಿನಂತಾಗಿ ಇಂಜಿನ್ನಿಗೇ ಹಾನಿ. ದಹಿಸಿದ ಅನಿಲದ ಒಂದಂಶವನ್ನು ಪುನಃ ಸಿಲಿಂಡರಿಗೆ ಬಿಡುವ ಇ.ಜಿ.ಆರ್. ಕವಾಟವು, ವಾಹನವು ತನ್ನ ಪೂರ್ಣ ಬಲದಿಂದ ಓಡುವಾಗ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಅದನ್ನು ತೆಗೆದು ಗಳಿಸುವ ಬಲವಾದರೂ ಏನು? ಸುಸ್ಥಿತಿಯಲ್ಲಿರುವ ಕನ್ವರ್ಟರ್ ಒಡ್ಡುವ ತಡೆ ಅತ್ಯಲ್ಪ. ಅದೇ ಕಟ್ಟಿಕೊಂಡರೆ ಇಂಜಿನ್ ಉಸಿರುಗಟ್ಟಿದಂತೆ ಸೊರಗುತ್ತದೆ. ಆಗ ಮಾಲೀಕನು ಅದನ್ನು ಕೀಳಿಸುತ್ತಾನೆ, ಕಾರು ಚುರುಕಾಗುತ್ತದೆ, ಕಿತ್ತದ್ದರಿಂದಲೇ ಬಲ ಬಂದಿತೆಂದು ಊರೆಲ್ಲ ಸಾರುತ್ತಾನೆ. ಹೊಸ ಕನ್ವರ್ಟರ್ ಹಾಕಿಸಿದ್ದರೂ ಅದೇ ಚುರುಕು ಬರುತ್ತಿತ್ತು ಎಂಬುದು ಅವನಿಗೆ ಹೊಳೆಯುವುದಿಲ್ಲ. ರೋಗ ಹೋದುದನ್ನು ಅಂಗ ಹೋದುದರ ಫಲವೆಂದು ಭಾವಿಸುವಂತಹ ಭ್ರಮೆಯಿದು.

ಇಷ್ಟಕ್ಕೇ ವಿಚಾರವನ್ನು ಮುಗಿಸಿದರೆ ಅದು ಅಪೂರ್ಣ. ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವನ್ನು ತೆಗೆದು ಗಣಕದ ಆದೇಶಗಳನ್ನೂ ತಿದ್ದಿದರೆ ಬಲವೂ ಇಂಧನದ ಉಳಿತಾಯವೂ ದೊರೆಯುವುದುಂಟು. ಈ ಲಾಭ ಸುಳ್ಳಲ್ಲ. ಅದರ ಬೆಲೆಯೇನು ಎಂಬುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಅಂದಾಜು ಮಾಡಿತು. ಅದಕ್ಕೆ ಹಿಂದಿನ ಸುಮಾರು ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳಿಂದ ಇಂತಹ ಸಾಧನಗಳನ್ನು ತೆಗೆಯಲಾಗಿತ್ತು. ಅವುಗಳ ಆಯುಷ್ಯದಲ್ಲಿ ಹೆಚ್ಚುವರಿಯಾಗಿ 5,70,000 ಟನ್ನುಗಳಿಗೂ ಮಿಕ್ಕಿ ನೈಟ್ರೋಜನ್ ಆಕ್ಸೈಡುಗಳು ಗಾಳಿಗೆ ಸೇರುವುವು. ತಡೆಯುವ ಸಾಧನ ಹೋಯಿತೆಂದು ಮಸಿ ಮಾಯವಾಗಲಿಲ್ಲ. ಅದು ಯಂತ್ರದಿಂದ ದಾರಿಹೋಕರ ಶ್ವಾಸಕೋಶಕ್ಕೆ ವರ್ಗವಾಯಿತು, ಅಷ್ಟೇ.

ನೀತಿಯ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. ಲಾಭವಿಲ್ಲವೆಂದು ತಿಳಿದು ಒಂದು ಕೆಲಸವನ್ನು ಬಿಡುವವನು ಜಾಣನೆನಿಸಬಹುದು, ಧರ್ಮಿಷ್ಠನೆನಿಸಲಾರ. ಲಾಭವಿದ್ದೂ, ಯಾರ ಕಣ್ಣಿಗೂ ಬೀಳದ ಅವಕಾಶವಿದ್ದೂ, ಪರರಿಗೆ ಹಾನಿಯೆಂಬ ಒಂದೇ ಕಾರಣಕ್ಕೆ ಬಿಡುವವನಲ್ಲಿ ಮಾತ್ರ ಸಂಯಮವಿದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ ಬಯಲಾದಾಗ ಜಗತ್ತೇ ಅದನ್ನು ಖಂಡಿಸಿತು. ಪರೀಕ್ಷೆಯ ವೇಳೆ ಮಾತ್ರ ಹೊಗೆ ಶುದ್ಧವಾಗಿ ಕಾಣುವಂತೆ ಸುಮಾರು 1 ಕೋಟಿ 10 ಲಕ್ಷ ವಾಹನಗಳ ಗಣಕವನ್ನು ಅದು ರೂಪಿಸಿತ್ತು. ತಪಾಸಣೆಯ ಮುನ್ನಾದಿನ ಕನ್ವರ್ಟರನ್ನು ಜೋಡಿಸಿ ಮರುದಿನ ಬಿಚ್ಚುವ ಮಾಲೀಕನು ಮಾಡುವುದೂ ಇದನ್ನೇ ಅಲ್ಲವೇ? ಪ್ರಮಾಣದಲ್ಲಿ ಅಂತರವಿದೆ, ಸ್ವಭಾವದಲ್ಲಿಲ್ಲ.

'ನನ್ನೊಬ್ಬನ ವಾಹನದಿಂದ ಏನಾದೀತು' ಎಂಬ ಸಮಾಧಾನವನ್ನು ಪ್ರತಿಯೊಬ್ಬನೂ ಹೇಳಿಕೊಳ್ಳಬಲ್ಲನು. ಐದೂವರೆ ಲಕ್ಷ ಕೂಡುವುದು ಹೀಗೆ ಒಬ್ಬೊಬ್ಬರಿಂದಲೇ. ಆದರೆ ಇನ್ನೊಂದು ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದುಡಿಮೆಯ ಟ್ರಕ್ಕೊಂದರ ಶೋಧಕ ಕೆಟ್ಟರೆ ಅದನ್ನು ಬದಲಿಸುವ ವೆಚ್ಚ ಭಾರಿ. ವಾಹನ ನಿಂತರೆ ಅಂದಿನ ಅನ್ನವೂ ನಿಂತೀತು. ವಿನೋದಕ್ಕಾಗಿ ಕಪ್ಪು ಹೊಗೆ ಉಗುಳಿಸುವವನನ್ನೂ ಈತನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಬಾಳಿಕೆಯ, ಅಗ್ಗದಲ್ಲಿ ದುರಸ್ತಿಯಾಗುವ ಉಪಕರಣವನ್ನು ಕೊಡುವುದು ತಯಾರಕರ ಹೊಣೆ. ಆದರೂ ಒಬ್ಬನ ಸಂಕಟವು, ಆ ಸಂಕಟಕ್ಕೆ ಕಾರಣನಲ್ಲದ ಮತ್ತೊಬ್ಬನ ಮಗುವಿನ ಉಸಿರಿನಿಂದ ಪರಿಹಾರ ಪಡೆಯುವ ಹಕ್ಕನ್ನು ಕೊಡುವುದಿಲ್ಲ.

ಅಮೆರಿಕದ ಕಾಯಿದೆಯು 1970ರಲ್ಲಿ ತಯಾರಕರನ್ನೂ ಮಾರಾಟಗಾರರನ್ನೂ, 1977ರಲ್ಲಿ ದುರಸ್ತಿ ಮಾಡುವವರನ್ನೂ, 1990ರಲ್ಲಿ ಪ್ರತಿಯೊಬ್ಬ ವ್ಯಕ್ತಿಯನ್ನೂ ಈ ನಿಷೇಧದೊಳಗೆ ತಂದಿತು. ಕೃತ, ಕಾರಿತ, ಅನುಮೋದಿತ ಎಂದು ಪ್ರಾಚೀನರು ಮಾಡಿದ ವಿಭಾಗವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ತೋರದು. ಕೀಳುವ ಮೆಕ್ಯಾನಿಕ್, ಕೀಳಿಸುವ ಮಾಲೀಕ, 'ಒಳ್ಳೆಯ ಕೆಲಸವಾಯಿತು' ಎಂದು ತಲೆದೂಗುವ ಮಿತ್ರ, ಮೂವರೂ ಆ ಹೊಗೆಗೆ ಪಾಲುದಾರರು. ಕಾನೂನು ಅನುಮೋದಿಸಿದವನನ್ನು ಹಿಡಿಯಲಾರದು. ಅವನನ್ನು ಅವನ ಆತ್ಮಸಾಕ್ಷಿಯೇ ಹಿಡಿಯಬೇಕು.

ಭಾರತದಲ್ಲಿಯೂ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. 2020ರ ಏಪ್ರಿಲಿನಿಂದ ದೇಶದಾದ್ಯಂತ ಇನ್ನೂ ಕಠಿಣವಾದ ಮಟ್ಟ ಬಂದಿತು. ಆದಕಾರಣ ಈ ಪ್ರಶ್ನೆ ಇಲ್ಲಿನ ವಾಹನ ಮಾಲೀಕರಿಗೂ ಪರಕೀಯವಲ್ಲ. ಇಂಜಿನ್ನಿನ ಬಲವನ್ನು ಅಳೆಯುವ ಯಂತ್ರಕ್ಕೆ ಕಾಣುವುದು ಚಾಲಕನ ಲಾಭ ಮಾತ್ರ. ಹಿಂದೆ ಬರುವವನ ಕೆಮ್ಮು ಆ ಅಂಕಿಯಲ್ಲಿ ದಾಖಲಾಗುವುದಿಲ್ಲ. ಅದನ್ನು ದಾಖಲಿಸಿಕೊಳ್ಳಬೇಕಾದುದು ಚಾಲಕನ ಅಂತಃಕರಣ.