ಆಯ್ದವರ ತಪ್ಪು, ಆಯ್ಕೆಯಾದವನ ಹೊಣೆ

ಅಮೇರಿಕಾ ದೇಶದ ಫುಟ್‌ಬಾಲ್ ಆಟದಲ್ಲಿ, ಕಾಲೇಜು ಮುಗಿಸಿದ ಹೆಸರಾಂತ ತರುಣನು ತನಗೊಪ್ಪಿದ ತಂಡವನ್ನು ಸೇರುವಂತಿಲ್ಲ. ವರ್ಷಕ್ಕೊಮ್ಮೆ ತಂಡಗಳವರೇ ಸರದಿಯಂತೆ ತರುಣರನ್ನು ಆರಿಸಿಕೊಳ್ಳುವರು. ಇದಕ್ಕೆ ‘ಡ್ರಾಫ್ಟ್’ ಎಂದು ಹೆಸರು. 2020ರಲ್ಲಿ ಫಿಲಡೆಲ್ಫಿಯಾದ ಈಗಲ್ಸ್ ತಂಡದವರು 21ನೆಯ ಸರದಿಯಲ್ಲಿ ಜೇಲನ್ ರೇಗರ್ ಎಂಬವನನ್ನು ಆರಿಸಿದರು. ಮುಂದೆ ಓಡಿ, ಎಸೆದ ಚೆಂಡನ್ನು ಹಿಡಿಯುವ ‘ವೈಡ್ ರಿಸೀವರ್’ ಅವನು. ಅದೇ ಕೆಲಸದ ಜಸ್ಟಿನ್ ಜೆಫರ್ಸನ್ ಆಗ ಇನ್ನೂ ಉಳಿದಿದ್ದನು. ಮರುಸರದಿಯಲ್ಲೇ ಅವನು ಮಿನ್ನೆಸೋಟದ ವೈಕಿಂಗ್ಸ್ ತಂಡದ ಪಾಲಾಗಿ, ಮೊದಲ ವರ್ಷವೇ 1,400 ಗಜಗಳ ಮುನ್ನಡೆಯನ್ನು ಗಳಿಸಿಕೊಟ್ಟನು. ರೇಗರನಿಗೆ ಆ ಯೋಗವಿರಲಿಲ್ಲ. ಅವನ ಹೆಸರೆತ್ತಿದೊಡನೆ ಫಿಲಡೆಲ್ಫಿಯಾದ ಅಭಿಮಾನಿಗಳಿಗೆ ಜೆಫರ್ಸನನ ನೆನಪು. ನೆನಪಿನ ಬೆನ್ನಿಗೆ ರೋಷ.

ಅಭಿಮಾನಿಗೆ ಅಸಮಾಧಾನಪಡುವ ಹಕ್ಕಿಲ್ಲವೆನ್ನಲಾಗದು. ಟಿಕೇಟಿಗೆ ಹಣ ತೆತ್ತವನು, ಸೋತ ದಿನ ಊಟ ರುಚಿಸದೆ ಎದ್ದವನು, ‘ನಮ್ಮ ತಂಡ’ ಎನ್ನುವವನು ಅವನೇ. ಆದರೂ ಆಯ್ಕೆಯಲ್ಲಿ ಅವನ ಮಾತು ನಡೆಯದು. ಕೈಲಾಗದ ಸಿಟ್ಟು ಕಣ್ಣೆದುರಿಗಿದ್ದವನ ಮೇಲೆ ತಿರುಗುವುದು ಲೋಕರೂಢಿಯಷ್ಟೆ. ಆಯ್ದ ಅಧಿಕಾರಿಗಳು ಕೊಠಡಿಯೊಳಗಿರುವರು. ಆಯ್ಕೆಯಾದವನು ಬಯಲಿನಲ್ಲಿ ನಿಂತಿರುವನು. ಮಾವನವರು ನೋಡಿ ತಂದ ಸಂಬಂಧಕ್ಕಾಗಿ ಸೊಸೆಯನ್ನು ಆಡಿಕೊಳ್ಳುವ ಕೇರಿಗೂ ಈ ಅಭಿಮಾನಿಗಳಿಗೂ ಭೇದವೆಷ್ಟು?

ಚೆಂಡು ಕೈಜಾರಿದರೆ ಜಾರಿತೆನ್ನಲಿ, ಅದು ನ್ಯಾಯವೇ. ‘ನೀನೇಕೆ ಅವನಾಗಲಿಲ್ಲ?’ ಎಂಬ ದೂರಿಗೆ ಆ ತರುಣನು ಏನು ಉತ್ತರ ಹೇಳಬೇಕು? 2022ರಲ್ಲಿ ಈಗಲ್ಸ್ ತಂಡದವರು ರೇಗರನನ್ನು ಬಿಟ್ಟುಕೊಟ್ಟರು, ಅದೂ ವೈಕಿಂಗ್ಸ್ ತಂಡಕ್ಕೆ. ಅಲ್ಲಿ ಆಗ ಅವನಿಗೂ ಜೆಫರ್ಸನನಿಗೂ ಒಂದೇ ಬಣ್ಣದ ಅಂಗಿಯಿತ್ತು.