ಅರ್ಥಶಾಸ್ತ್ರದ ಮಾನವನೂ ಲಕ್ಕಮ್ಮನ ಅಳತೆಯೂ

ಸಂಸಾರಿಗೆ ಅರ್ಥಚಿಂತೆ ತಪ್ಪಿದ್ದಲ್ಲ. ಗಳಿಸದೆ ಮನೆ ನಡೆಯದು. ಮನೆ ನಡೆಯದೆ ದಾಸೋಹವೂ ನಡೆಯದು. ಆದುದರಿಂದಲೇ ಶರಣರು ಧನವನ್ನು ಹಳಿದು ಅಡವಿಗೆ ಹೋಗೆಂದು ಬೋಧಿಸಲಿಲ್ಲ. ಧನದ ನಡುವೆ ಬಾಳುವ ಬಗೆಯನ್ನು ತೋರಿದರು. ಪಶ್ಚಿಮದ ಅರ್ಥಶಾಸ್ತ್ರಜ್ಞರು ಮನುಷ್ಯನನ್ನು ಹೇಗೆ ಕಂಡರು, ಶರಣರು ಹೇಗೆ ಕಂಡರು ಎಂಬುದನ್ನು ಕೂಡಿಸಿ ನೋಡಿದರೆ ಗೃಹಸ್ಥಧರ್ಮದ ಒಂದು ಮರ್ಮ ತಿಳಿಯುತ್ತದೆ.

ಆಧುನಿಕ ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಪ್ರತಿಯೊಬ್ಬನೂ ತನ್ನ ಲಾಭವನ್ನು ಅರಸುವುದರಿಂದ ಎಷ್ಟೋ ವೇಳೆ ಲೋಕಕ್ಕೂ ಹಿತವಾಗುತ್ತದೆಂದು ಅವನು 1776ರ ತನ್ನ ಮಹಾಗ್ರಂಥದಲ್ಲಿ ವಾದಿಸಿದನು. ಲೋಕವು ಇದನ್ನೇ ಹೆಚ್ಚಾಗಿ ನೆನೆಯಿತು. ಪರರ ಸುಖದುಃಖಗಳಿಗೆ ಮಿಡಿಯುವ ಹೃದಯದ ಮೇಲೆ ನೀತಿಯನ್ನು ನಿಲ್ಲಿಸಿದ ಅವನ 1759ರ ಗ್ರಂಥವು ಹಿಂದೆ ಸರಿಯಿತು.

1836ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ಈ ಶಾಸ್ತ್ರದ ವಿಧಾನವನ್ನು ವಿವರಿಸಿದನು. ಮನುಷ್ಯನ ಧನದಾಸೆ, ಅದಕ್ಕೆ ಅಡ್ಡಬರುವ ದುಡಿಮೆಯ ಬೇಸರ ಹಾಗೂ ಭೋಗದ ಬಯಕೆ, ಇವಿಷ್ಟನ್ನೇ ಇಟ್ಟುಕೊಂಡು ಮಿಕ್ಕ ಭಾವಗಳನ್ನು ಬದಿಗಿರಿಸಿ ಈ ಶಾಸ್ತ್ರವು ವಿಚಾರಮಾಡುತ್ತದೆ ಎಂದನು. ಮನುಷ್ಯನು ನಿಜವಾಗಿ ಇಷ್ಟೇ ಎಂದು ನಂಬುವಷ್ಟು ಅವಿವೇಕಿ ಯಾರೂ ಇಲ್ಲವೆಂದೂ ಅವನೇ ಎಚ್ಚರಿಸಿದನು.

ಈ ವಿಧಾನವು ನಿರರ್ಥಕವಲ್ಲ. ಮಳೆ ತಪ್ಪಿದ ವರ್ಷ ಜೋಳದ ಧಾರಣೆ ಏಕೆ ಏರುತ್ತದೆ, ದರ ಹೆಚ್ಚಿದ ಪೇಟೆಗೆ ಧಾನ್ಯ ಏಕೆ ಹರಿಯುತ್ತದೆ ಎಂಬುದನ್ನು ಅದು ತಿಳಿಸಬಲ್ಲದು. ಚಿನ್ನವನ್ನು ತೂಗುವಾಗ ಅಕ್ಕಸಾಲಿಗನು ಅದರ ಬಣ್ಣವನ್ನು ಗಣಿಸುವುದಿಲ್ಲ. ಆದರೆ ತಕ್ಕಡಿಗೆ ಬಣ್ಣ ಕಾಣದೆಂದು ಚಿನ್ನಕ್ಕೆ ಬಣ್ಣವೇ ಇಲ್ಲವೆನ್ನಬಹುದೆ? ಲೆಕ್ಕಕ್ಕಾಗಿ ಮಾಡಿಕೊಂಡ ಊಹೆಯನ್ನು ಬಾಳಿನ ಆದರ್ಶವೆಂದು ಹಿಡಿದಾಗಲೇ ಕೇಡು ಮೊದಲಾಗುತ್ತದೆ. ಆಳಿನ ಹಸಿವನ್ನು ಕಂಡು ಕೂಲಿಯನ್ನು ಇಳಿಸಿದವನು, ಅದು ತನ್ನ ಲೋಭವಲ್ಲ, ಪೇಟೆಯ ನಿಯಮವೆಂದು ಸಮಾಧಾನಪಟ್ಟುಕೊಳ್ಳುತ್ತಾನೆ.

ಈ ಕೇಡನ್ನು ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಖಂಡಿಸಿದನು. ಅವನ ಆ ಲೇಖನಗಳನ್ನು ಗಾಂಧೀಜಿಯವರು 1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಓದಿ, 1908ರಲ್ಲಿ ‘ಸರ್ವೋದಯ’ವೆಂಬ ಹೆಸರಿನಿಂದ ಗುಜರಾತಿಯಲ್ಲಿ ಸಂಗ್ರಹಿಸಿದರು. ಕೇವಲ ಸ್ವಾರ್ಥದಿಂದ ನಡೆಯುವವನು ಸಮಾಜದಲ್ಲಿ ಮೂಢನೇ ಸರಿಯೆಂದು 1977ರಲ್ಲಿ ಅಮರ್ತ್ಯ ಸೇನರು ಅದೇ ಶಾಸ್ತ್ರದ ಒಳಗಿನಿಂದಲೇ ತೋರಿಸಿದರು.

ಇವರೆಲ್ಲರಿಗಿಂತ ಎಷ್ಟೋ ಹಿಂದೆ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಬಾಳಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಹಿಗ್ಗಲಿಲ್ಲ, ಈ ಆಸೆ ಶಿವಭಕ್ತರಿಗೇಕೆಂದು ಕೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಆ ಅಕ್ಕಿ ಕದ್ದುದಲ್ಲ, ಬೇಡಿದುದೂ ಅಲ್ಲ. ದಾಸೋಹಕ್ಕೇ ಸಲ್ಲತಕ್ಕುದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಪುಣ್ಯದ ಹೆಸರಿನಲ್ಲಿಯೂ ಆಸೆ ಒಳಹೊಗಬಲ್ಲದೆಂಬುದನ್ನು ಅವಳು ಅರಿತಿದ್ದಳು. ಮಿಲ್ಲನ ಲೆಕ್ಕದಲ್ಲಿ ದುಡಿಮೆ ಬೇಸರದ ಹೊರೆ. ಲಕ್ಕಮ್ಮನಿಗೆ ದುಡಿಮೆಯೇ ಪೂಜೆ. ಅಲ್ಲಿ ‘ಇನ್ನಷ್ಟು’ ಎಂಬುದಕ್ಕೆ ಎಲ್ಲೆಯಿಲ್ಲ. ಇಲ್ಲಿ ‘ಸಾಕು’ ಎಂಬುದೇ ಅಳತೆ.

ದೀಪಾವಳಿಯಲ್ಲಿ ಕಿರ್ದಿ ಖಾತೆಗಳನ್ನು ಪೂಜಿಸುವ ಗೃಹಸ್ಥನು ಲಾಭನಷ್ಟಗಳನ್ನು ಅವಶ್ಯವಾಗಿ ಎಣಿಸಲಿ. ಲೆಕ್ಕ ತಪ್ಪಿದವನ ಕಾಯಕವೂ ಕೆಡುತ್ತದೆ. ಆದರೆ ಖಾತೆ ಕೇಳದ ಮೂರು ಪ್ರಶ್ನೆಗಳನ್ನು ಅವನು ತನ್ನ ಅಂತರಂಗವನ್ನು ಕೇಳಿಕೊಳ್ಳಲಿ: ಇದು ಯಾರ ಬೆವರಿನಿಂದ ಬಂದಿತು? ಇದರಲ್ಲಿ ನನಗೆ ಸಲ್ಲುವುದೆಷ್ಟು? ಮಿಕ್ಕುದು ಯಾರ ಪಾಲು? ಈ ಮೂರಕ್ಕೂ ಅಳುಕದೆ ಉತ್ತರ ಕೊಡಬಲ್ಲ ಭಕ್ತನ ಮನೆಯಲ್ಲಿ ಅರ್ಥವು ಧರ್ಮದ ತೊತ್ತಾಗಿ ನಿಲ್ಲುತ್ತದೆ. ಆ ಮನೆಯೇ ಮಹಾಮನೆಯಾಗುತ್ತದೆ.