ಯಾತ್ರಿಕನ ಬುತ್ತಿ

ದೇವರನ್ನು ನಂಬಿ ಹೊರಟವನು ದಾರಿಯ ಲೆಕ್ಕವನ್ನು ಹಾಕಬಹುದೇ, ಹಾಕಿದರೆ ಅವನ ನಂಬುಗೆಯಲ್ಲಿ ಅಷ್ಟರ ಮಟ್ಟಿಗೆ ಕೊರತೆಯುಂಟೆಂದು ತಿಳಿಯಬೇಕೇ ಎಂಬ ಪ್ರಶ್ನೆಯು ಪಂಡಿತರ ಗೋಷ್ಠಿಗಳಿಗಿಂತ ಹೆಚ್ಚಾಗಿ ಕಟಕೋಳ, ಸವದತ್ತಿ, ರಾಮದುರ್ಗಗಳ ಸೀಮೆಯ ಹಳ್ಳಿಗಳಲ್ಲಿ, ಶಿವರಾತ್ರಿ ಕಳೆದು ಶ್ರೀಶೈಲದ ಮಾತು ಏಳುವ ದಿನಗಳಲ್ಲಿ, ಗುಡಿಯ ಕಟ್ಟೆಯ ಮೇಲೆ ಹುಟ್ಟುತ್ತದೆ. ಯುಗಾದಿಗೆ ಮಲ್ಲಿಕಾರ್ಜುನನ ಸನ್ನಿಧಿಯನ್ನು ಮುಟ್ಟಬೇಕೆಂದು ಸಂಕಲ್ಪಿಸಿದ ಹತ್ತು ಮಂದಿ ಕೂಡಿದಲ್ಲಿ, “ಮಲ್ಲಯ್ಯ ನಡಸ್ತಾನ, ನಾವ್ಯಾಕ ಚಿಂತಿ ಮಾಡೂಣು” ಎನ್ನುವವನೊಬ್ಬನಿದ್ದರೆ, ಮಾತನಾಡದೆ ಬೆರಳು ಮಡಿಸಿ ರೊಟ್ಟಿಯ ಲೆಕ್ಕ ಹಾಕುವ ಹಿರಿಯನೊಬ್ಬನು ಇದ್ದೇ ಇರುತ್ತಾನೆ. ಕೇಳುವವರ ಮನಸ್ಸು ಸಹಜವಾಗಿ ಮೊದಲನೆಯವನ ಕಡೆಗೆ ಒಲಿಯುತ್ತದೆ. ಅವನ ಮಾತಿನಲ್ಲಿ ಭಕ್ತಿಯ ಕಾಂತಿಯಿದೆ, ಎರಡನೆಯವನ ಮೌನದಲ್ಲಿ ವ್ಯವಹಾರದ ವಾಸನೆಯಿದೆ. ನನಗೆ ಮಾತ್ರ ಆ ಹಿರಿಯನ ಬೆರಳುಗಳಲ್ಲಿಯೇ ಹೆಚ್ಚಿನ ಧರ್ಮವಿರುವಂತೆ ತೋರುತ್ತದೆ.

ಮೊದಲು ದಾರಿಯ ಸ್ವರೂಪವನ್ನು ನೋಡುವುದು ಒಳಿತು. ಕಟಕೋಳದಿಂದ ಶ್ರೀಶೈಲವು ೪೦೦ ಕಿಲೋಮೀಟರಿಗೂ ಹೆಚ್ಚು. ದಿನಕ್ಕೆ ೩೦ರಂತೆ ಕಾಲೆಳೆದರೂ ಎರಡು ವಾರಗಳ ಹಾದಿ. ಮಲಪ್ರಭೆಯ ಸೀಮೆಯನ್ನು ಬಿಟ್ಟು, ಬಾಗಲಕೋಟೆಯ ನೆಲವನ್ನು ಹಾಯ್ದು, ರಾಯಚೂರಿನ ಬಟಾಬಯಲನ್ನು ದಾಟಿ, ಕರ್ನೂಲು ಸೀಮೆಯ ಆತ್ಮಕೂರನ್ನು ಸೇರಿದ ಮೇಲೆ, ವೆಂಕಟಾಪುರದಿಂದ ನಲ್ಲಮಲೆಯ ಕಾಡು ಆರಂಭವಾಗುತ್ತದೆ. ಅಲ್ಲಿಂದ ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಭೀಮನಕೊಳ್ಳ, ಕೊನೆಗೆ ಕೈಲಾಸದ್ವಾರ. ಅದು ಹುಲಿಯ ಕಾಡು, ನೀರಿನ ನೆಲೆಗಳು ದೂರದೂರ, ಬಿಸಿಲು ಬೇಸಗೆಯದು. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಮುಂದೆ ಶ್ರೀಶೈಲದ ಪಾತಾಳಗಂಗೆಯೊಳಗೆ ಬೆರೆಯುವುದರಿಂದ, ನಮ್ಮ ಸೀಮೆಯ ನೀರು ನಮಗಿಂತ ಮುಂಚೆಯೇ, ಅದೂ ಬುತ್ತಿಯಿಲ್ಲದೆ, ಯಾತ್ರೆಯನ್ನು ಮುಗಿಸಿರುತ್ತದೆಂದು ಯಾರಾದರೂ ಚಮತ್ಕಾರವಾಗಿ ಹೇಳಬಹುದು. ಆದರೆ ನೀರಿಗೆ ಹಸಿವಿಲ್ಲ, ಕಾಲಿನಲ್ಲಿ ಗುಳ್ಳೆಯೇಳುವುದಿಲ್ಲ.

ಈ ದಾರಿಗೆ ತಕ್ಕ ಸಿದ್ಧತೆಯು ಮನೆಮನೆಯಲ್ಲಿ ನಡೆಯುತ್ತದೆ. ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಕುಸುಬೆಯೂ ರಾಶಿಯಾಗಿ ಮನೆಗೆ ಬಂದು, ಮುಂಗಾರಿನ ಬಿತ್ತನೆಗೆ ಇನ್ನೂ ಅವಕಾಶವಿರುವ ಆ ಸಂಧಿಯಲ್ಲಿಯೇ ಯುಗಾದಿಯು ಬೀಳುವುದನ್ನು ಕಂಡರೆ, ಒಕ್ಕಲಿಗನಿಗೆ ಬಿಡುವಾದಾಗಲೇ ಕರೆಯುವ ವಿವೇಕವು ಮಲ್ಲಯ್ಯನಿಗೂ ಉಂಟೆನ್ನಬೇಕು. ಹೆಣ್ಣುಮಕ್ಕಳು ಖಡಕರೊಟ್ಟಿಯನ್ನು ಬಡಿದು ಒಣಗಿಸಿ ಅರಿವೆಯಲ್ಲಿ ಕಟ್ಟುತ್ತಾರೆ. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಗಳನ್ನು ಕುಟ್ಟುತ್ತಾರೆ. ಕೆಡದೆ ಹಲವು ದಿನ ನಿಲ್ಲುವುದಾವುದು, ಮೊದಲ ಎರಡು ದಿನಗಳಲ್ಲೇ ತಿಂದು ಮುಗಿಸಬೇಕಾದುದಾವುದು ಎಂಬ ವಿಭಾಗವನ್ನು ಅವರು ಮಾಡುವ ಪರಿಯನ್ನು ನೋಡಿದರೆ ತರ್ಕಶಾಸ್ತ್ರಿಗಳೂ ತಲೆದೂಗಬೇಕು. ಇದರೊಡನೆ ಮಲ್ಲಯ್ಯನ ಮಡದಿ ಭ್ರಮರಾಂಬೆಗೆಂದು ಸೀರೆ, ಕುಪ್ಪಸ, ಬಳೆಗಳ ಗಂಟು ಬೇರೆಯುಂಟು, ಏಕೆಂದರೆ ಉತ್ತರ ಕರ್ನಾಟಕದ ಭಕ್ತರು ಆ ತಾಯಿಯನ್ನು ತಮ್ಮ ಮನೆಯ ಮಗಳೆಂದೇ ಭಾವಿಸುತ್ತಾರೆ, ಮಗಳ ಮನೆಗೆ ಬರಿಗೈಯಲ್ಲಿ ಹೋಗುವ ವಾಡಿಕೆಯು ನಮ್ಮಲ್ಲಿಲ್ಲ. ನಸುಕಿನಲ್ಲಿ ಮಲ್ಲಯ್ಯನ ಕಾವಡಿಯಾದ ಕಂಬಿಯನ್ನು ಹೆಗಲಿಗೇರಿಸಿ ಹೊರಡುವುದು, ಬಿಸಿಲೇರಿದೊಡನೆ ಮರದ ನೆರಳನ್ನು ಸೇರುವುದು, ಇಳಿಹೊತ್ತಿನಲ್ಲಿ ಮತ್ತೆ ಹೆಜ್ಜೆಯಿಡುವುದು: ಇವೆಲ್ಲ ತಲೆಮಾರುಗಳಿಂದ ನಿಶ್ಚಿತವಾದ ಕ್ರಮಗಳು.

ಇಷ್ಟೆಲ್ಲ ಲೆಕ್ಕದ ನಡುವೆ ಶರಣಾಗತಿಗೆ ಎಡೆಯೆಲ್ಲಿ ಎಂದು ಆಕ್ಷೇಪಿಸುವವರು ಅಕ್ಕಮಹಾದೇವಿಯ ಉದಾಹರಣೆಯನ್ನು ಮುಂದಿಡುವುದುಂಟು. ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದ ಆ ಮಹಾತಾಯಿ ಯಾವ ಬುತ್ತಿಯನ್ನು ಕಟ್ಟಿದ್ದಳು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು. ಅಕ್ಕನು ಮರಳಿ ಬರಲೆಂದು ಹೋದವಳಲ್ಲ. ಮನೆಯನ್ನೂ ಅರಮನೆಯನ್ನೂ ಉಟ್ಟ ವಸ್ತ್ರವನ್ನೂ ತೊರೆದ ಮೇಲೆ ಆಕೆಗೆ ಕಾಯಬೇಕಾದ ಮರುದಿನವಿರಲಿಲ್ಲ. ನಮ್ಮ ಯಾತ್ರಿಕನಾದರೋ ಮರಳಿ ಬಂದು ಎತ್ತಿಗೆ ಮೇವು ಹಾಕಬೇಕಾದವನು, ಮಗಳ ಮದುವೆಯ ಸಾಲವನ್ನು ತೀರಿಸಬೇಕಾದವನು. ಎಲ್ಲವನ್ನೂ ಬಿಟ್ಟವಳ ನಿಶ್ಚಿಂತೆಯನ್ನು ಏನನ್ನೂ ಬಿಡದವನು ಹದಿನೈದು ದಿನಗಳ ಮಟ್ಟಿಗೆ ಎರವಲು ಪಡೆಯುವೆನೆಂದರೆ ಅದು ವೈರಾಗ್ಯವೆನಿಸದು. ಇನ್ನು, ಅಂಗೈಯ ಮೇಲೆ ಇಷ್ಟಲಿಂಗವಿರುವಾಗ ಬೆಟ್ಟವನ್ನು ಹುಡುಕಿಕೊಂಡು ಹೋಗುವುದೇಕೆಂಬುದು ಬೇರೆಯೇ ಪ್ರಶ್ನೆ. ವಚನಕಾರರಲ್ಲಿ ತೀರ್ಥಯಾತ್ರೆಯನ್ನು ಹಂಗಿಸಿದವರು ಅನೇಕರು. ಆದರೂ ಜನ ನಡೆಯುತ್ತಲೇ ಬಂದಿರುವರು. ನಡೆಯುವವರ ವಿಚಾರವನ್ನಷ್ಟೇ ನಾನಿಲ್ಲಿ ಎತ್ತಿಕೊಂಡಿರುವುದು.

ಮಲ್ಲಯ್ಯನು ನಡೆಸುವನೆಂದು ಬರಿಗೈಯಲ್ಲಿ ಹೊರಟವನು ದಾರಿಯಲ್ಲಿ ಉಪವಾಸ ಬೀಳುವುದಿಲ್ಲವೆಂಬುದು ನಿಜ. ಊರೂರಿನಲ್ಲಿ ದಾಸೋಹದ ಚಪ್ಪರಗಳಿರುತ್ತವೆ. ಅನ್ನ ಸಾರು, ಮಜ್ಜಿಗೆ, ಕಲ್ಲಂಗಡಿಯ ಹೋಳು, ಕಾಲಿಗೆ ತಿಕ್ಕಲು ಎಣ್ಣೆ, ಎಲ್ಲವೂ ದೊರೆಯುತ್ತವೆ. ಆದರೆ ಆ ಚಪ್ಪರವು ತಾನಾಗಿ ಎದ್ದುದಲ್ಲ. ಯಾರೋ ತಿಂಗಳ ಮೊದಲೇ ಕಾಳುಗಳನ್ನು ಕೂಡಿಸಿ, ಕೊಪ್ಪರಿಗೆಗಳನ್ನು ತಂದು, ಎಷ್ಟು ಜನ ಯಾವ ದಿನ ಬರುವರೆಂದು ಎಣಿಸಿ, ನೀರಿನ ಟ್ಯಾಂಕರಿಗೆ ಹೇಳಿಟ್ಟಿದ್ದಾರೆ. ಕಾಡಿನ ಮೆಟ್ಟಲುಗಳನ್ನು ನೋಡಿದರೂ ಇದೇ ಮಾತು: ೧೪ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೆ ಸೋಪಾನಗಳನ್ನು ಕಟ್ಟಿಸಿದನೆಂದರೆ, ತಾನೆಂದೂ ಕಾಣದ ಯಾತ್ರಿಕರ ಕಾಲುಗಳ ಚಿಂತೆಯನ್ನು ಅವನು ಮಾಡಿದ್ದನೆಂದೇ ಅರ್ಥ. ಚಿಂತೆಯನ್ನು ದೇವರ ಮೇಲೆ ಹಾಕಿದೆನೆಂದುಕೊಂಡವನು ವಾಸ್ತವದಲ್ಲಿ ಅದನ್ನು ನೆರೆಯವನ ಮೇಲೆ ಹಾಕಿರುತ್ತಾನೆ. ದೇವರಿಗೆ ಅದು ಭಾರವಲ್ಲದಿರಬಹುದು, ನೆರೆಯವನಿಗೆ ಭಾರವೇ. ಆದುದರಿಂದ ಬುತ್ತಿ ಕಟ್ಟುವುದೋ ಬಿಡುವುದೋ ಎಂಬುದನ್ನು ನಂಬುಗೆಯ ಪರೀಕ್ಷೆಯೆಂದು ಭಾವಿಸಿದಲ್ಲಿಯೇ ನಾವು ದಾರಿ ತಪ್ಪುತ್ತೇವೆ. ನಾನು ಯಾರ ಪಾಲನ್ನು ಉಣ್ಣುತ್ತಿದ್ದೇನೆ ಎಂಬ ಪ್ರಶ್ನೆಯು ಅದರಲ್ಲಿ ಅಡಗಿದೆ.

ಹಾಗೆಂದು ಕೂಡಿಡುವುದೆಲ್ಲ ಧರ್ಮವಾಗದು. ಕಲ್ಯಾಣದಲ್ಲಿ ಅಂಗಳಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಮಡದಿ ಲಕ್ಕಮ್ಮನು ಆ ಹೆಚ್ಚಿನದನ್ನು ಇದ್ದೆಡೆಗೇ ಸುರಿದು ಬರುವಂತೆ ಹೇಳಿ ಕಳಿಸಿದ ಕಥೆಯು ಎಲ್ಲರೂ ಬಲ್ಲದ್ದು. ಆಕೆಯು ಆಯುವುದನ್ನು ನಿಷೇಧಿಸಲಿಲ್ಲ, ಅಳತೆಯನ್ನು ಕಾಪಾಡಿದಳು ಎಂಬುದನ್ನು ಗಮನಿಸಬೇಕು. ಜೋಳಿಗೆ ಭಾರವಾದಷ್ಟೂ ಹೆಗಲು ಸೋಲುತ್ತದೆಂಬ ಅನುಭವದಿಂದ ಯಾತ್ರಿಕನೂ ಇದನ್ನೇ ಕಲಿಯುತ್ತಾನೆ.

ಭೂಗೋಳದ ಆಚೆಯ ಮಗ್ಗುಲಿನಲ್ಲಿ, ಮಧ್ಯ ಅಮೆರಿಕದ ಕೋಸ್ಟಾ ರಿಕಾ ಎಂಬ ಪುಟ್ಟ ದೇಶದಲ್ಲಿಯೂ ಇಂಥದೊಂದು ನಡಿಗೆಯುಂಟು. ೧೬೩೫ರಲ್ಲಿ ಸೌದೆ ಆಯಲು ಹೋದ ಬಡ ಹುಡುಗಿಯೊಬ್ಬಳಿಗೆ ದೊರೆತುದೆಂದು ಐತಿಹ್ಯವಿರುವ, ಗೇಣುದ್ದವೂ ಇಲ್ಲದ ಕಪ್ಪು ಕಲ್ಲಿನ ಮಾತೆಯ ದರ್ಶನಕ್ಕಾಗಿ ಪ್ರತಿವರ್ಷ ಆಗಸ್ಟ್ ೨ರ ಹಬ್ಬಕ್ಕೆ ಜನರು ರಾಜಧಾನಿ ಸಾನ್ ಹೋಸೆಯಿಂದ ಸುಮಾರು ೨೨ ಕಿಲೋಮೀಟರು ನಡೆದು ಕಾರ್ತಾಗೊ ನಗರದ ದೇಗುಲವನ್ನು ಸೇರುತ್ತಾರೆ. ಕೆಲವರು ಒಳಗೆ ಮೊಣಕಾಲಿನ ಮೇಲೆಯೇ ಸರಿಯುತ್ತಾರೆ, ಹಿಂದಿನ ಬುಗ್ಗೆಯ ನೀರನ್ನು ಸೀಸೆಯಲ್ಲಿ ತುಂಬಿಕೊಳ್ಳುತ್ತಾರೆ. ಅಲ್ಲಿ ಅದು ಮಳೆಗಾಲ. ಆದಕಾರಣ ಅವರು ಮಳೆಯಂಗಿಯನ್ನು ಕಟ್ಟಿಕೊಳ್ಳದೆ ಹೊರಡುವುದಿಲ್ಲ. ದಾರಿಯುದ್ದಕ್ಕೂ ರೆಡ್ ಕ್ರಾಸಿನವರು ಕಾದಿರುತ್ತಾರೆ. ಅವರ ಭಕ್ತಿಗೆ ಮಳೆಯಂಗಿಯಿಂದ ಕುಂದು ಬಂತೆಂದು ನಾವು ಹೇಳುವುದಿಲ್ಲ. ನಮ್ಮ ರೊಟ್ಟಿಯ ಗಂಟಿನ ಬಗೆಗೆ ಮಾತ್ರ ಏಕೆ ಸಂಕೋಚಪಡಬೇಕೋ ತಿಳಿಯದು.

ಯೋಜನೆಯು ಕೆಡುವುದು ಅದು ತನ್ನೊಬ್ಬನದೇ ಆದಾಗ. ದರ್ಶನದ ಚೀಟಿ, ವಸತಿಯ ಕೋಣೆ, ಮರಳುವ ಬಸ್ಸಿನ ಹೊತ್ತು, ಇವನ್ನೆಲ್ಲ ಗಂಟೆಗಳಲ್ಲಿ ಕೊರೆದಿಟ್ಟುಕೊಂಡವನಿಗೆ ಜೊತೆಗಾರನ ಕಾಲು ಉಳುಕಿದರೆ ಅದೊಂದು ಅಡ್ಡಿಯಾಗಿ ಕಾಣುತ್ತದೆ, ಬಿಟ್ಟು ನಡೆಯುತ್ತಾನೆ. ನಾನು ಮೆಚ್ಚುವ ಹಿರಿಯನ ಲೆಕ್ಕದಲ್ಲಿ ಒಂದು ದಿನ ಸಡಿಲಾಗಿರುತ್ತದೆ, ಒಬ್ಬನ ಊಟ ಹೆಚ್ಚಾಗಿರುತ್ತದೆ. ಆ ದಿನ ಯಾರಿಗಾಗಿ, ಆ ಊಟ ಯಾರದು ಎಂಬುದು ಹೊರಡುವಾಗ ಅವನಿಗೂ ತಿಳಿದಿರುವುದಿಲ್ಲ. ಕಾಣದುದಕ್ಕೆ ಎಡೆ ಬಿಟ್ಟಿರುವ ಈ ಲೆಕ್ಕವನ್ನು ಶರಣಾಗತಿಯಲ್ಲವೆನ್ನಲು ನನಗೆ ಮನಸ್ಸು ಬಾರದು.

ಈಚೆಗೆ ಟ್ರ್ಯಾಕ್ಟರಿನ ವಿಷಯವಾಗಿ ಜಗಳಗಳು ಕೇಳಿಬರುತ್ತವೆ. ಗಂಟುಮೂಟೆಗಳನ್ನು ಅದರ ಮೇಲೆ ಹೇರಿದರೆ ಪಾದಯಾತ್ರೆಯು ಕೆಟ್ಟಿತೆಂದು ಹುರುಪಿನ ಹುಡುಗರು ವಾದಿಸುತ್ತಾರೆ. ಕಂಬಿಯು ಹೆಗಲಿನ ಮೇಲೆಯೇ ಇರತಕ್ಕದ್ದು, ಅದರಲ್ಲಿ ಎರಡು ಮಾತಿಲ್ಲ. ರೊಟ್ಟಿಯ ಚೀಲಗಳು ಟ್ರ್ಯಾಕ್ಟರಿನ ಮೇಲೆ ಬರಲಿ, ಕಾಲು ಸೋತ ಮುದುಕಿಯೂ ಏರಲಿ. ನಲ್ಲಮಲೆಯ ಕಡಿದಾದ ಕಾಲುದಾರಿಗಂತೂ ಅದು ಬರಲಾರದು, ದೋರ್ನಾಲದ ರಸ್ತೆಯ ಮೇಲೆ ಸುತ್ತಿ ಹೋಗಬೇಕು. ಆದುದರಿಂದ ವೆಂಕಟಾಪುರದ ಬಿಡಾರದಲ್ಲಿ ಗಂಟುಗಳನ್ನು ಬಿಚ್ಚಿ, ಕಾಡಿನ ದಾರಿಗೆ ಬೇಕಾದ ರೊಟ್ಟಿಯನ್ನೂ ನೀರನ್ನೂ ಬೇರೆ ಮಾಡಿ, ಯಾರ ಪಾಲಿನ ನೀರನ್ನು ಯಾವ ಹುಡುಗನು ಹೊರತಕ್ಕದ್ದೆಂಬುದನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಬೇಕಾಗುತ್ತದೆ.